ಮೆಟ್ಟಿಲ ಕೆಳಗಿನ ನೀಲಿ ಕೇಬಲ್

ಅವರ ಬಾಗಿಲನ್ನು ನಾನು ಮೊದಲ ಸಲ ಬಡಿದದ್ದು ಜಗಳ ಆಡಲಿಕ್ಕೆ. ಮುಡಿಗೆ ಸಿಕ್ಕಿಸಿಕೊಂಡಿದ್ದ ಸ್ಕ್ರೂಡ್ರೈವರ್ ತೆಗೆಯುವಷ್ಟೂ ವ್ಯವಧಾನ ಇಲ್ಲದೆ ಮೆಟ್ಟಿಲು ಹತ್ತಿದ್ದೆ.

ಬಾಗಿಲು ತೆಗೆದವರ ಕಿವಿಯ ಮೇಲೆ ಪೆನ್ಸಿಲ್ ಇತ್ತು. ಹಿಂದಿನ ದಿನವಷ್ಟೇ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದವರು, ಕಟ್ಟಡಗಳ ನಕ್ಷೆ ಬರೆಯುತ್ತಾರೆ ಎಂದಷ್ಟೇ ಗೊತ್ತಿತ್ತು. ಅವರು ನನ್ನ ಮುಖ ನೋಡಿದರು, ಸ್ಕ್ರೂಡ್ರೈವರ್ ನೋಡಿದರು, ಮತ್ತೆ ಮುಖ ನೋಡಿದರು. ಎರಡನೇ ಸಲ ಸ್ವಲ್ಪ ಹೆಚ್ಚೇ ನೋಡಿದರು.

"ಏನ್ರೀ ಮಾಡಿದ್ರಿ? ಕೆಳಗೆ ಯಾರಿಗೂ ನೆಟ್ ಬರ್ತಿಲ್ಲ."

"ನಾನೇನ್ ಮಾಡ್ಲಿ? ನೀವು ಕೊಟ್ಟ ಕೇಬಲ್ಲನ್ನ ನನ್ನ ರೂಟರಿಗೆ ಚುಚ್ಚಿದೆ, ಅಷ್ಟೇ."

"ಎಲ್ಲಿ ಚುಚ್ಚಿದ್ರಿ, ತೋರಿಸಿ."

ಇಲ್ಲಿ ನನ್ನ ಬಗ್ಗೆ ಒಂದು ಮಾತು. ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವುದು ನನ್ನ ಕೆಲಸ. ಆದರೆ ನನ್ನ ಹೆಮ್ಮೆಯೆಲ್ಲ ಇರುವುದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ನಮ್ಮ ಮನೆಗೆ ಬರುವುದು ಒಂದೇ ಇಂಟರ್ನೆಟ್ ಲೈನ್. ಅದನ್ನು ಅಮ್ಮನ ಹೊಲಿಗೆ ಕ್ಲಾಸಿಗೆ, ಅಪ್ಪನ ಚೆಸ್ ಆಟಕ್ಕೆ, ಅಕ್ಕನ ಆಫೀಸಿಗೆ, ನನ್ನ ಸಿನಿಮಾಗಳಿಗೆ ಹಂಚಿಕೊಟ್ಟವಳು ನಾನು. ಗೋಡೆ ಕೊರೆದವಳೂ ನಾನೇ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಕೇಬಲ್ ಎಳೆದವಳೂ ನಾನೇ. ಮನೆಯಲ್ಲಿ ನನ್ನನ್ನು ಇಂಜಿನಿಯರಮ್ಮ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನೆಟ್ ನಿಂತರೆ ಕೂಗುವುದು ನನ್ನನ್ನೇ. ಮಹಡಿಗೆ ಬರುವವರಿಗೂ ಇದರಲ್ಲೇ ಕೊಡೋಣ ಎಂದು ಅಪ್ಪ ಹೇಳಿದಾಗ, ಮೇಲಕ್ಕೆ ನೀಲಿ ಕೇಬಲ್ ಎಳೆದಿದ್ದೆ.

ಅವರ ಮೇಜಿನ ಮೇಲಿನ ಹಳೇ ರೂಟರ್ ನೋಡಿದೊಡನೆ ವಿಷಯ ತಿಳಿಯಿತು. ಹೊರಗಿಂದ ಬರುವ ಲೈನಿಗೆಂದೇ ಅದರಲ್ಲಿ ಪ್ರತ್ಯೇಕವಾಗಿ ಒಂದು ಹಳದಿ ತೂತು ಇತ್ತು. ಇವರು ಪಕ್ಕದಲ್ಲಿ ಸಾಲಾಗಿದ್ದ ಕಪ್ಪು ತೂತುಗಳಲ್ಲಿ ಒಂದಕ್ಕೆ ಚುಚ್ಚಿದ್ದರು.

"ನೋಡಿ, ಮನೇಲಿರೋ ಕಂಪ್ಯೂಟರುಗಳಿಗೆಲ್ಲ ನಂಬರ್ ಕೊಡೋದು ಕೆಳಗಿರೋ ನನ್ನ ಡಬ್ಬಿ. ಈಗ ನಿಮ್ಮ ಡಬ್ಬೀನೂ ನಂಬರ್ ಹಂಚ್ತಾ ಕೂತಿದೆ. ನಮ್ಮಮ್ಮನ ಕಂಪ್ಯೂಟರ್ ನಿಮ್ಮ ಮಾತು ಕೇಳ್ಕೊಂಡು ದಾರಿ ತಪ್ಪಿದೆ."

"ಅಂದ್ರೆ, ಬಂದು ಒಂದೇ ದಿನಕ್ಕೆ ನಿಮ್ಮನೆಯವರೆಲ್ಲ ನನ್ನ ಮಾತು ಕೇಳ್ತಿದಾರೆ ಅನ್ನಿ."

"ಎಲ್ಲರೂ ಅಲ್ಲ. ನನ್ನ ಕಂಪ್ಯೂಟರ್ ಕೇಳಿಲ್ಲ."

"ಅದು ಗೊತ್ತಾಯ್ತು ಬಿಡಿ," ಎಂದರು ಗಂಭೀರವಾಗಿ. ಕಣ್ಣು ಮಾತ್ರ ನಗುತ್ತಿತ್ತು. ನಾನು ಕೇಬಲ್ ಕಿತ್ತು ಹಳದಿ ತೂತಿಗೆ ಚುಚ್ಚಿ, ನಗು ಬರುವ ಮೊದಲೇ ಕೆಳಗಿಳಿದುಬಿಟ್ಟೆ.

ಆಮೇಲೆ ಅವರು ಒಂದು ರೂಢಿ ಮಾಡಿಕೊಂಡರು. ಅವರ ನಕ್ಷೆಗಳ ಫೈಲುಗಳು ಭಾರಿ ದೊಡ್ಡವು. ಕಳಿಸುವಾಗ ಕೆಳಗಿನವರ ನೆಟ್ ತೆವಳುತ್ತಿತ್ತು. ಅದಕ್ಕೆ ಪ್ರತಿ ಸಲ ಮೆಟ್ಟಿಲ ತುದಿಗೆ ಬಂದು ಬಗ್ಗಿ ಕೇಳುವರು: "ಕಳಿಸ್ಲಾ?"

ನಾನು ಒಳಗೆ ತಿರುಗಿ ಅಮ್ಮನ ಕ್ಲಾಸ್ ಮುಗಿಯಿತೇ, ಅಪ್ಪ ಸೋತರೇ ಎಂದು ವಿಚಾರಿಸಿ, "ಹೂಂ, ಕಳಿಸಿ," ಎನ್ನುತ್ತಿದ್ದೆ. ಇದು ಫೋನಿನಲ್ಲೂ ಆಗುವ ಕೆಲಸ. ಅವರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ದಿನ ಕೇಳಿದ ಮೇಲೂ ಅಲ್ಲೇ ನಿಂತಿದ್ದರು. ಮಡಿಸಿದ ತೋಳಿನ ಮೇಲೆ ಶಾಯಿಯ ಕಲೆ, ಹಣೆಗೆ ಇಳಿದ ಕೂದಲು. "ಇನ್ನೇನು?" ಎಂದೆ. ನಮ್ಮ ಮನೆಯ ನಕ್ಷೆಯೊಂದನ್ನು ಕೆಳಗೆ ಚಾಚಿದರು. ಅದರಲ್ಲಿ ನನ್ನ ಕೇಬಲ್ಲುಗಳೆಲ್ಲ ಅದದೇ ಬಣ್ಣದಲ್ಲಿ ಇದ್ದವು, ತಿರುವು ತಿರುವೂ ಸರಿಯಾಗಿತ್ತು.

"ಬೇರೆಯವರು ಬರೆದ ಮನೆಗಳನ್ನ ದಿನಾ ನೋಡ್ತೀನಿ. ಒಂದು ವೈರನ್ನೂ ಇಷ್ಟು ಅಚ್ಚುಕಟ್ಟಾಗಿ ಯೋಚಿಸಿರಲ್ಲ," ಎಂದರು.

ಹೊಗಳಿದವರು ಬೇಕಾದಷ್ಟು ಜನ ಇದ್ದರು. ನಾನು ಮಾಡಿದ್ದು ಏನು ಎಂದು ತಿಳಿದು ಹೊಗಳಿದವರು ಇವರೊಬ್ಬರೇ. ಆ ನಕ್ಷೆಯನ್ನು ಗೂಡಿನ ಬಾಗಿಲ ಒಳಮೈಗೆ ಅಂಟಿಸಿದೆ. ಅವರನ್ನು ಪ್ರೀತಿಸುತ್ತಿದ್ದೇನೆ ಎಂದು ಅಂಟಿಸುತ್ತಿರುವಾಗಲೇ ಗೊತ್ತಾಯಿತು, ಹೇಳುವುದಕ್ಕೆ ಮಾತ್ರ ಬಾಯಿ ಬರಲಿಲ್ಲ. ಬಿಂಕ ನನಗೆ ಹುಟ್ಟಿನಿಂದಲೇ ಬಂದದ್ದು.

ಹೀಗಿರುವಾಗ ಆ ಮಾತು ನಿಂತುಹೋಯಿತು. ಒಂದು ವಾರವಿಡೀ "ಕಳಿಸ್ಲಾ" ಇಲ್ಲ. ಮೆಟ್ಟಿಲ ಕಡೆಗೇ ಕಿವಿ ಇಟ್ಟು ಕೂತು ಕೂತು, ಸಿನಿಮಾದ ನಾಯಕಿ ಅಳುವ ಕಡೆ ನಗುವ ಸಾಲು ಹಾಕಿಬಿಟ್ಟೆ. ವಾರದ ಕೊನೆಗೆ ಕಿಟಕಿಯ ಹೊರಗೆ ಏಣಿ ಕಂಡಿತು. ಇಂಟರ್ನೆಟ್ ಕಂಪನಿಯವನೊಬ್ಬ ಮಹಡಿಗೆ ಹೊಸ ಲೈನ್ ಎಳೆಯುತ್ತಿದ್ದ.

"ಓಹೋ, ಮೇಲಿನವರು ಬೇರೆ ಆದ್ರು," ಎಂದಳು ಅಕ್ಕ.

ನನಗೆ ಮೈಯೆಲ್ಲ ಉರಿಯಿತು. ಗೂಡಿಗೆ ಹೋಗಿ ನೀಲಿ ಕೇಬಲ್ಲಿನ ಕೆಳತುದಿಯನ್ನು ಕಿತ್ತೆ. ಅವರಾಗಿ ಬೇಡ ಎನ್ನುವ ಮೊದಲು ನಾನೇ ತೆಗೆದೆ ಎಂದಾಗಲಿ ಎಂಬ ಹಟ. ಕಂಪನಿಯವನು ಏಣಿ ಇಳಿದು ಹೋದ ಮೇಲೆ ಮೆಟ್ಟಿಲು ಹತ್ತಿ ಬಾಗಿಲು ಬಡಿದೆ.

"ನನ್ನ ಲೈನಲ್ಲಿ ಏನ್ ಕಮ್ಮಿ ಆಗಿತ್ತು?"

"ಏನೂ ಕಮ್ಮಿ ಆಗಿರ್ಲಿಲ್ಲ."

"ಮತ್ತೆ? ಹೇಳ್ದೆ ಕೇಳ್ದೆ ಬೇರೆ ತಗೊಂಡ್ರಿ. ಕೇಬಲ್ ಕಿತ್ತಿದೀನಿ. ಎಲ್ಲಿಗೆ ಬೇಕಾದ್ರೂ ಫೈಲ್ ಕಳಿಸ್ಕೊಳ್ಳಿ, ಯಾರನ್ನೂ ಕೇಳ್ಬೇಕಾಗಿಲ್ಲ."

ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದರು, ಎಲ್ಲಿಡಬೇಕೋ ತಿಳಿಯದೆ ಮತ್ತೆ ಅಲ್ಲೇ ಸಿಕ್ಕಿಸಿದರು.

"ನಿಮ್ಮನ್ನ ಇನ್ನೊಂದು ಮಾತು ಕೇಳ್ಬೇಕಿತ್ತು. ನಿಮ್ಮ ಹಂಗಿನಲ್ಲಿ ಇದ್ಕೊಂಡು ಕೇಳೋಕೆ ಮನಸ್ಸು ಒಪ್ಲಿಲ್ಲ. ನೀವು ಆಗಲ್ಲ ಅಂದ್ರೂ ನೆಟ್ಟಿಗೋಸ್ಕರ ದಿನಾ ನಿಮ್ಮೆದುರು ಬಂದು ನಿಲ್ಬೇಕಲ್ಲ, ಅದು ನಿಮಗೂ ಹಿಂಸೆ. ಸ್ವಂತ ಲೈನ್ ಇದ್ರೆ ತಲೆ ಎತ್ತಿ ಕೇಳ್ಬಹುದು ಅಂತ ಈ ವಾರ ಬಾಯಿ ಬಿಗಿ ಹಿಡ್ಕೊಂಡಿದ್ದೆ."

"ಏನು ಕೇಳ್ಬೇಕಿತ್ತು?"

"ನಂಗೆ ನೀವಂದ್ರೆ ತುಂಬಾ ಇಷ್ಟ. ನನ್ನನ್ನ ಮದುವೆ ಆಗ್ತೀರಾ?"

ನನಗಿಂತ ಬಿಂಕದ ಮನುಷ್ಯ! ಇಡೀ ಬೀದಿಗೆ ಕೂಗಿ ಹೇಳಬೇಕು ಎನ್ನುವಷ್ಟು ಹೆಮ್ಮೆಯಾಯಿತು. ಆದರೆ ಅಷ್ಟು ಸುಲಭಕ್ಕೆ ಉತ್ತರ ಕೊಡುವವಳು ನಾನಲ್ಲ.

"ನಿಮ್ಮ ಕಡೆ ನೀಲಿ ಕೇಬಲ್ ತುದೀನ ಹಳದಿ ತೂತಿಂದ ತೆಗೆದಿದೀರಲ್ವಾ? ಕಪ್ಪಿಗೆ ಹಾಕಿ."

"ಅವತ್ತು ಅದಕ್ಕೇ ಬೈದ್ರಿ."

"ಅವತ್ತು ನೆಟ್ ಕೆಳಗಿಂದ ಮೇಲೆ ಬರ್ತಿತ್ತು. ಇವತ್ತು ಮೇಲಿಂದ ಕೆಳಗೆ ಬರತ್ತೆ. ಹಾಕಿ, ಬನ್ನಿ."

ನನ್ನ ಡಬ್ಬಿಯಲ್ಲಿ ಎರಡನೇ ಲೈನಿಗೆಂದು ಒಂದು ತೂತು ಮೊದಲಿನಿಂದಲೂ ಖಾಲಿ ಇತ್ತು. ಮೆಟ್ಟಿಲ ಕೆಳಗೆ ಇಬ್ಬರೂ ತಲೆ ತಗ್ಗಿಸಿ ಕೂತೆವು. ನೀಲಿ ಕೇಬಲ್ಲನ್ನು ಅಲ್ಲಿಗೆ ಚುಚ್ಚಿ, ಸೆಟ್ಟಿಂಗ್ ಬದಲಿಸಿದೆ. ಅವರ ಭುಜ ನನ್ನ ಭುಜಕ್ಕೆ ತಾಗಿತ್ತು. ಜಾಗ ಚಿಕ್ಕದು, ಅಷ್ಟೇನೂ ಚಿಕ್ಕದಲ್ಲ.

"ಈಗ ಎರಡು ಲೈನು. ಒಂದು ಬಿದ್ರೆ ಇನ್ನೊಂದು ಮನೇನ ಹಿಡ್ಕೊಳ್ಳತ್ತೆ."

"ನನ್ನ ಮಾತಿಗೆ ಉತ್ತರ?"

"ಟೆಸ್ಟ್ ಮಾಡಿ ಹೇಳ್ತೀನಿ."

ಒಳಗೆ ಅಮ್ಮ ಕ್ಯಾಮೆರಾದ ಮುಂದೆ ಕಾಲರ್ ಹೊಲಿಯುವುದನ್ನು ಹೇಳಿಕೊಡುತ್ತಿದ್ದರು. ಅಪ್ಪ ಕುದುರೆ ನಡೆಸುತ್ತಿದ್ದರು. ಅಕ್ಕ ಯಾರಿಗೋ ಫೋನಿನಲ್ಲಿ ಲೆಕ್ಕ ಒಪ್ಪಿಸುತ್ತಿದ್ದಳು. ನಾನು ನನ್ನ ಲೈನನ್ನು, ಇಷ್ಟು ವರ್ಷ ಯಾರಿಗೂ ಮುಟ್ಟಗೊಡದ ಲೈನನ್ನು, ನನ್ನ ಕೈಯಿಂದಲೇ ಕಿತ್ತೆ.

ಅಮ್ಮನ ಮಾತು ಒಂದು ಕ್ಷಣ ತಡವರಿಸಿ ಮುಂದುವರಿಯಿತು. ಯಾರೂ ಕೂಗಲಿಲ್ಲ. ನೆಟ್ ಹೋಯಿತೆಂದು ಯಾರೂ ನನ್ನನ್ನು ಕರೆಯಲಿಲ್ಲ.

"ಹೂಂ," ಎಂದೆ. "ಆಗ್ತೀನಿ."

ಅವರು ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಒಳಗಿಂದ ಅಕ್ಕನ ದನಿ: "ಇಂಜಿನಿಯರಮ್ಮಾ, ಏನೇ ಮಾಡ್ದೆ? ನೆಟ್ ಸಕ್ಕತ್ ಫಾಸ್ಟ್ ಆಗಿದೆ!"

ಅವರು ತುಟಿ ಕಚ್ಚಿಕೊಂಡು ಛಾವಣಿ ನೋಡಿದರು.

"ಒಂದೇ ಒಂದು ಮಾತಾಡಿದ್ರೆ ಹೂಂ ಅಂದಿದ್ದು ವಾಪಸ್ ತಗೋತೀನಿ," ಎಂದೆ.

ಅವರು ನನ್ನ ಕೈಯಲ್ಲಿದ್ದ ಲೈನನ್ನು ಮೆಲ್ಲಗೆ ಬಿಡಿಸಿಕೊಂಡು, ಅದರ ಹಳೆಯ ಜಾಗ ಹುಡುಕಿ, ಕ್ಲಿಕ್ ಎನ್ನುವವರೆಗೆ ಒತ್ತಿದರು. ಆಮೇಲೆ ಖಾಲಿಯಾದ ನನ್ನ ಕೈ ಹಿಡಿದುಕೊಂಡರು.