ಎರಡು ಹಲ್ಲು, ಮೂರು ಬಾಲ್ಕನಿ

ಸೂಗಪ್ಪನ ಮುಂದಿನ ಎರಡು ಹಲ್ಲು ಉದುರಿದ್ದು ನಾನು ಬಾಯಿ ಮುಚ್ಚಿಕೊಂಡಿದ್ದರಿಂದ. ಒಂದು ಮಾತು ಆಡಿದ್ದರೆ ಉಳಿಯುತ್ತಿದ್ದವು. ಸುಂದ್ರಿ ಬಾಯಿ ತೆಗೆದರೆ ಬಸ್ ಸ್ಟ್ಯಾಂಡಿನ ತನಕ ಕೇಳಿಸುತ್ತದೆ ಎಂದು ಶಹಾಪುರದ ನಮ್ಮ ಓಣಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಅಂಥವಳು ಬೇಕಾದ ಹೊತ್ತಿಗೆ ಸರಿಯಾಗಿ ಮೂಕಿಯಾದೆ.

ಆಗ ಕಾಲುವೆಗೆ ನೀರು ಬಂದು ನಾಲ್ಕೈದು ವರ್ಷವಾಗಿತ್ತು. ಜೋಳದ ಹೊಲಗಳು ಭತ್ತದ ಗದ್ದೆಗಳಾಗಿ ಜನರ ಕೈಯಲ್ಲಿ ರೊಕ್ಕ ಆಡತೊಡಗಿತ್ತು. ಭಾನುವಾರ ಬಂತೆಂದರೆ ಟಾಕೀಸಿನ ಮುಂದೆ ಗಂಡಸರ ಸಾಲು ರಸ್ತೆಗೆ ಬಂದು ನಿಲ್ಲುತ್ತಿತ್ತು. ಗುದ್ದಾಟ, ಬೈದಾಟ, ಅಂಗಿ ಹರಿದುಕೊಳ್ಳುವುದು, ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಟಿಕೀಟಿನ ಕಿಂಡಿಗೆ ಕೈ ತೂರಿಸುವುದು. ಪಕ್ಕದ ಹೆಂಗಸರ ಕಿಂಡಿಯಲ್ಲಿ ಮಾತ್ರ ಐದಾರು ಜನ. ಮೈಕೈ ನೋವು ಬೇಡವೆನ್ನುವ ಗಂಡಸರು ನಮ್ಮ ಕಡೆ ಬಂದು ಹಲ್ಲು ಗಿಂಜುತ್ತಿದ್ದರು. "ಅಕ್ಕಾ, ಒಂದ್ ಟಿಕೀಟ್ ತಗೊಡ್ರಿ."

ನಾನು ತೆಗೆದುಕೊಡುತ್ತಿದ್ದೆ. ಪುಕ್ಕಟೆ ಯಾಕೆ ಕೊಡಲಿ? ಮೂರು ರೂಪಾಯಿಯ ಬೆಂಚಿಗೆ ನಾಲ್ಕು, ಐದರ ಕುರ್ಚಿಗೆ ಏಳು. ಮನೆಯಲ್ಲಿ ಹೊಲಿಗೆ ಕ್ಲಾಸಿಗೆ ಹೋಗುತ್ತೇನೆಂದು ಹೇಳಿದ್ದೆ. ಬ್ಲ್ಯಾಕ್ ಎಂದರೆ ಬ್ಲ್ಯಾಕೇ, ಈಗ ಮುಚ್ಚಿಡುವುದೇನಿದೆ. ಉಳಿದದ್ದರಲ್ಲಿ ನೆಲದ ಮೇಲೆ ಕೂತು ಸಿನಿಮಾ ನೋಡಿ ಬರುತ್ತಿದ್ದೆ. ಬಾಲ್ಕನಿಯನ್ನು ಕೆಳಗಿನಿಂದ ಕತ್ತೆತ್ತಿ ನೋಡಿದ್ದಷ್ಟೇ ಗೊತ್ತು.

ಸೂಗಪ್ಪ ಲಿಂಗಾಯತರ ಹುಡುಗ, ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೊದಲ ಸಲ ಬಂದಾಗ ಮೈಯೆಲ್ಲ ಯೂರಿಯಾದ ವಾಸನೆ. ಎಲ್ಲರೂ ಅಕ್ಕಾ ಅನ್ನುತ್ತಿದ್ದರು, ಅವನು ಅನ್ನಲಿಲ್ಲ. "ಒಂದ್ ಬೆಂಚು" ಎಂದು ನೋಟನ್ನು ನನ್ನ ಅಂಗೈಯಲ್ಲಿ ಇಟ್ಟ.

ಇಟ್ಟ, ಹಾಕಲಿಲ್ಲ. ಇದರ ವ್ಯತ್ಯಾಸ ತಿಳಿಯಬೇಕಾದರೆ ನಮ್ಮ ಓಣಿಯಲ್ಲಿ ಹುಟ್ಟಿರಬೇಕು. ಅವನ ಮಂದಿ ನಮ್ಮ ಮಂದಿಗೆ ರೊಕ್ಕ ಕೊಡುವಾಗ ಗೇಣು ಎತ್ತರದಿಂದ ಬಿಡುತ್ತಿದ್ದರು. ಅವ್ವ ಕೂಲಿಗೆ ಸೆರಗು ಒಡ್ಡುತ್ತಿದ್ದಳು. ನಾವು ಗೋಡೆಯ ಮೇಲೆ ಬುದ್ಧನ ಫೋಟೋ ಹಾಕಿಕೊಂಡ ಮೇಲೂ ಧಣಿಗಳ ಮುಂದೆ ಅವಳ ಸೆರಗು ತಾನಾಗಿಯೇ ಮುಂದೆ ಬರುತ್ತಿತ್ತು. ಈ ಹುಡುಗನ ಬೆರಳು ನನ್ನ ಅಂಗೈಗೆ ತಾಗಿತು. ಅವನು ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಾನೋ ಎಂದು ನೋಡಿದೆ. ಒರೆಸಿಕೊಳ್ಳದೆ ನನ್ನನ್ನೇ ನೋಡುತ್ತ ನಿಂತಿದ್ದ. ಅವನಿಗೆ ಚಿಲ್ಲರೆ ಕೊಡುವುದನ್ನು ಮರೆತೆ, ಅವನೂ ಕೇಳಲಿಲ್ಲ.

ಮುಂದಿನ ವಾರವೂ ಬಂದ. ಅದರ ಮುಂದಿನ ವಾರವೂ.

"ಅದ ಸಿನಿಮಾ ನಾಕನೇ ಸಲ ನೋಡಾಕತ್ತೀದಿ. ತಲಿ ಕೆಟ್ಟೈತೇನು?" ಎಂದೆ.

"ಸಿನಿಮಾ ಯಾರ್ ನೋಡಾಕತ್ಯಾರ?"

"ಮತ್ತ ಒಳಗ ಹೋಗಿ ಏನ್ ಮಾಡ್ತಿ?"

"ಮುಂದಿನ ಐತ್ವಾರಕ್ಕ ಎಷ್ಟ ದಿನ ಉಳದಾವಂತ ಎಣಸ್ತೀನಿ."

ನಾನು ಕಿಂಡಿಯ ಕಡೆ ತಿರುಗಿಕೊಂಡೆ. ಮುಖ ಬಿಸಿಯಾಗಿತ್ತು. ಟಿಕೀಟು ಕೊಡುವವನು ಎಷ್ಟು ಬೇಕೆಂದು ಕೇಳಿದರೆ ಆರು ದಿನ ಎಂದೆ.

ಆರನೆಯ ಭಾನುವಾರ ನಮ್ಮಣ್ಣ ಹುಲಗಪ್ಪ ಅಲ್ಲಿಗೆ ಬಂದ. ಕಾಲುವೆಗೆ ಕಲ್ಲು ಕೂಡಿಸುವ ಗ್ಯಾಂಗಿನಲ್ಲಿ ದುಡಿಯುವವನು, ಎರಡು ಆಳಿನ ಕಲ್ಲನ್ನು ಒಬ್ಬನೇ ಎತ್ತುತ್ತಿದ್ದ. ಅವನು ರಸ್ತೆಯ ಆಚೆ ನಿಂತಾಗಲೇ ಸೂಗಪ್ಪ ನನ್ನ ಅಂಗೈಯಲ್ಲಿ ಐದರ ನೋಟು ಇಟ್ಟು ಕೈಯನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದ.

ಮೊದಲ ಏಟು ಕಿವಿಯ ಮೇಲೆ ಬಿತ್ತು. ಸೂಗಪ್ಪ ಗೋಡೆಗೆ ಬಡಿದು ಬಿದ್ದ. ಅಣ್ಣ ಅವನ ಅಂಗಿಯ ಕೊರಳು ಹಿಡಿದು ಎತ್ತಿದ.

"ನಿಮ್ಮ ಹಿರ್ಯಾರು ನಮ್ಮವ್ವನ ಉಡಿಯಾಗ ರೊಕ್ಕಾ ಒಗದ್ರು. ನೀ ಈಗ ನಮ್ಮ ಹುಡುಗಿ ಕೈಯಾಗ ಇಡಾಕ ಬಂದೀಯೇನಲೇ? ಯಾತರ ರೊಕ್ಕ ಇದು? ಬೊಗಳಲೇ."

ಯಾತರ ರೊಕ್ಕ ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ನಾಲ್ಕು ಹೆಜ್ಜೆ ದೂರದಲ್ಲಿ ಪೊಲೀಸ್ ಶಾಂತಪ್ಪ ನಿಂತಿದ್ದ. ಹಿಂದಿನ ವಾರವಷ್ಟೇ ಬ್ಲ್ಯಾಕ್ ಮಾರುವ ಇಬ್ಬರನ್ನು ಠಾಣೆಗೆ ಎಳೆದುಕೊಂಡು ಹೋಗಿದ್ದ. ನನ್ನ ಸೊಂಟದಲ್ಲಿ ಒಂಬತ್ತು ಟಿಕೀಟು. ಸೂಗಪ್ಪ ಪೊಲೀಸನನ್ನು ನೋಡಿದ, ನನ್ನನ್ನು ನೋಡಿದ, ಬೇಡವೆಂದು ಕಣ್ಣಿನಲ್ಲೇ ಸನ್ನೆ ಮಾಡಿದ. ಆಮೇಲೆ ಅಣ್ಣನಿಗೆ ಹೇಳಿದ: "ನಾನೇ ಇಟ್ಟೀನ್ರಿ. ಆಕಿದೇನೂ ತಪ್ಪಿಲ್ರಿ."

ಅಣ್ಣನ ಮುಷ್ಟಿ ಅವನ ಬಾಯಿಗೆ ಬಿತ್ತು. ಒಂದಲ್ಲ, ಮೂರು ಸಲ. ಹಲ್ಲು ಮಣ್ಣಿನಲ್ಲಿ ಬಿದ್ದಿದ್ದನ್ನು ನಾನು ಕಣ್ಣಾರೆ ಕಂಡೆ. ಬಿದ್ದವನ ಪಕ್ಕೆಗೆ ಒದ್ದ. ಶಾಂತಪ್ಪ ಬೀಡಿ ಸೇದುತ್ತ ನೋಡಿದನೇ ಹೊರತು ಬಿಡಿಸಲಿಲ್ಲ. ಟಾಕೀಸಿನ ಗೇಟು ಕಾಯುವ ಮನ್ಸೂರಅಲಿ ಓಡಿ ಬಂದು ನಡುವೆ ಬೀಳದಿದ್ದರೆ ಅವತ್ತು ಕೊಲೆಯಾಗುತ್ತಿತ್ತು. ನಾನು ಆ ಐದು ರೂಪಾಯಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದೆ.

ಮನೆಯಲ್ಲಿ ನನಗೂ ಬಿತ್ತು. ನಾನೂ ತಾಮ್ರದ ತಂಬಿಗೆ ಎಸೆದೆ, ಅಣ್ಣನ ಹುಬ್ಬಿನ ಮೇಲೆ ಇವತ್ತಿಗೂ ಗೆರೆ ಇದೆ. ಸಂಜೆಯೊಳಗೆ ಸುದ್ದಿ ಎಲ್ಲ ಓಣಿ ತಿರುಗಿತು. ಸೂಗಪ್ಪ ರೊಕ್ಕ ಕೊಟ್ಟು ಹೆಣ್ಣು ಕರೆದನಂತೆ. ಅವನ ಅಪ್ಪ ಬಾಗಿಲು ಮುಚ್ಚಿದ. ಅಂಗಡಿಯವನು ಕೆಲಸ ಬಿಡಿಸಿದ. ರಕ್ತದ ಅಂಗಿಯಲ್ಲೇ ಅವನು ಯಾದಗಿರಿಗೆ ಹೋಗಿ ಹೈದರಾಬಾದಿನ ರೈಲು ಹತ್ತಿದನೆಂದು ಮನ್ಸೂರಅಲಿ ಹೇಳಿದ. ಎಂಟು ತಿಂಗಳು ನಾನು ನಿಜ ಹೇಳಬಹುದಿತ್ತು. ದಿನಾ ಬೆಳಗ್ಗೆ ಇವತ್ತು ಹೇಳಬೇಕು ಅಂದುಕೊಳ್ಳುತ್ತಿದ್ದೆ. ಅಣ್ಣನ ಕೈ ನೋಡಿ ಸುಮ್ಮನಾಗುತ್ತಿದ್ದೆ.

ಅವ್ವನ ತಂಗಿ ಬಾಲಮ್ಮ ಚಿಗವ್ವ ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಮಾಡಿಕೊಂಡಿದ್ದಳು. ಬಿಸ್ಕೀಟಿನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಹುಡುಗಿಯರು ಬೇಕಂತೆ, ತಿಂಗಳಿಗೆ ಒಂಬೈನೂರು ಪಗಾರವಂತೆ ಎಂದು ಹೇಳಿ ಕಳಿಸಿದಳು. ಅಣ್ಣನೇ ನನ್ನನ್ನು ಯಾದಗಿರಿಗೆ ಕರೆತಂದು ರೈಲು ಹತ್ತಿಸಿದ. ನನ್ನ ಬ್ಲೌಸಿನೊಳಗೆ ಹೈದರಾಬಾದಿನಲ್ಲಿ ಸೂಗಪ್ಪ ಕೆಲಸಕ್ಕೆ ಸೇರಿದ್ದ ಬೀಜದ ಗೋದಾಮಿನ ವಿಳಾಸವಿತ್ತು. ಅದನ್ನು ಮನ್ಸೂರಅಲಿಯಿಂದ ಬರೆಸಿಕೊಂಡಿದ್ದೆ.

ಮೊದಲ ರಜೆಯ ದಿನವೇ ಹೋದೆ. ಸೂಗಪ್ಪ ಚೀಲ ಹೊರುತ್ತಿದ್ದ. ನನ್ನನ್ನು ಕಂಡವನೇ ಚೀಲ ಇಳಿಸಿ ಬಾಯಿಗೆ ಟವೆಲು ಅಡ್ಡ ಹಿಡಿದುಕೊಂಡ.

"ಯಾಕ ಬಂದಿ?"

"ಪಗಾರ ದುಡ್ಯಾಕ."

"ಇಲ್ಲಿಗ್ಯಾಕ ಬಂದಿ?"

"ನಿನ್ನ ಹಲ್ಲು ನೋಡಾಕ. ಟವೆಲ್ ತಗಿ."

ತೆಗೆದ. ನಾನು ಅಳಬಾರದೆಂದು ಶಪಥ ಮಾಡಿ ಬಂದಿದ್ದೆ. ಅದಕ್ಕೇ ಚೇಷ್ಟೆಗೆ ಇಳಿದೆ. "ನನ್ನ ಹೆಸರು ಹೇಳು ನೋಡೋಣು."

"ಥುಂದ್ರಿ," ಎಂದ. ಅವನಿಗೇ ನಗು ಬಂತು. ನಕ್ಕವನು ಒಮ್ಮೆಲೇ ನಿಲ್ಲಿಸಿ ಪಕ್ಕದ ತಗಡಿನ ಬಾಗಿಲಿಗೆ ಗುದ್ದಿದ. ಬೆರಳ ಗೆಣ್ಣುಗಳಿಂದ ರಕ್ತ ಬಂತು.

"ಹಲ್ಲಿಂದೇನಿಲ್ಲ. ಅವತ್ತ ಬ್ಯಾಡ ಅಂದಾಂವ ನಾನೇ. ಆಮ್ಯಾಲ? ಎಂಟ ತಿಂಗಳ. ರೊಕ್ಕಾ ಕೊಟ್ಟು ಹೆಣ್ಣ ಕರ್ಯಾಂವ ಅಂತ ನಮ್ಮಪ್ಪ ನಂಬ್ಯಾನ. ನನ್ನ ಹಡದವ್ವ ನಂಬ್ಯಾಳ. ಒಬ್ಬರ ಮುಂದ ಅಲ್ಲ ಅಂದಿದ್ರ ಆಗ್ತಿತ್ತು."

ಸೆರಗಿನ ತುದಿ ಹರಿದು ಅವನ ಕೈಗೆ ಸುತ್ತಿದೆ. ಕೊಸರಿಕೊಳ್ಳಲಿಲ್ಲ. ಗಂಟು ಹಾಕುವ ತನಕ ನನ್ನ ತಲೆಯನ್ನೇ ನೋಡುತ್ತಿದ್ದ, ಉಸಿರು ನನ್ನ ಬೈತಲೆಗೆ ತಾಗುತ್ತಿತ್ತು.

"ಪಗಾರ ಆದ ದಿನ ಬಾಲ್ಕನಿಗೆ ಕರ್ಕೊಂಡ ಹೋಗ್ತೀನಿ," ಎಂದೆ. "ನನ್ನ ರೊಕ್ಕದಾಗ. ಬ್ಲ್ಯಾಕ್ ಅಲ್ಲ."

"ಅದರಿಂದ ಹಲ್ಲು ಬರ್ತಾವೇನು?"

"ಬರಂಗಿಲ್ಲ. ನೀ ಬರ್ತೀಯೋ ಇಲ್ಲೋ?"

ಬಂದ. ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿಯ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಥಿಯೇಟರಿನ ಮುಂದೆ ನಿಂತಿದ್ದ. ಅಲ್ಲಿ ಒಂದು ಬಾಲ್ಕನಿಗೆ ಮೂವತ್ತು ರೂಪಾಯಿ, ನನ್ನ ಒಂದು ದಿನದ ದುಡಿಮೆ. ಎರಡು ಟಿಕೀಟೆಂದರೆ ಎರಡು ದಿನ ನಿಂತೇ ಡಬ್ಬಿ ಕಟ್ಟಿದಂತೆ. ಕಟ್ಟುತ್ತೇನೆ, ಯಾರಿಗೇನು? ಹೆಂಗಸರ ಸಾಲಿನಲ್ಲಿ ನಿಂತೆ. ಅವನು ಪಕ್ಕಕ್ಕೆ ಬಂದು ಮೂವತ್ತು ರೂಪಾಯಿಯನ್ನು ನನ್ನ ಅಂಗೈಯಲ್ಲಿ ಇಟ್ಟ.

"ತಗಿ ಆಚಿ. ಇವತ್ತ ನನ್ನ ಪಗಾರ."

"ಹಲ್ಲಿಲ್ಲದಾಂವಗ ಮರ್ಯಾದಿನೂ ಇರಬಾರದೇನು? ನನ್ನ ಟಿಕೀಟ್ ನಂದು."

ನಾನು ಕೈ ಎಳೆದುಕೊಂಡೆ, ಅವನು ಬಿಡಲಿಲ್ಲ. ಇಬ್ಬರೂ ನಗುತ್ತಿದ್ದೆವು. ಅವನ ಹೆಗಲಾಚೆ ಅಣ್ಣ ಹುಲಗಪ್ಪ ಕಂಡ.

ತಂಗಿಗೆ ಮೊದಲ ಪಗಾರವೆಂದು ಅವನು ಅವ್ವ ಬಡಿದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಕಟ್ಟಿಕೊಂಡು ಬಂದಿದ್ದ. ಸುಂದ್ರಿ ಇಂಥ ಕಡೆ ಸಿನಿಮಾಕ್ಕೆ ಹೋಗಿದ್ದಾಳೆಂದು ಚಿಗವ್ವ ಹೇಳಿ ಕಳಿಸಿದ್ದಳು. ಖುಷಿಯಿಂದ ಬಂದವನಿಗೆ ಕಂಡದ್ದು ಅದೇ ಮನುಷ್ಯ, ಅದೇ ಕೈ, ಅಂಗೈಯಲ್ಲಿ ಅದೇ ರೊಕ್ಕ.

ಗಂಟು ಕೆಳಗೆ ಬಿತ್ತು. ಈ ಸಲ ಸೂಗಪ್ಪ ಹೊಡೆಸಿಕೊಳ್ಳುತ್ತ ನಿಲ್ಲಲಿಲ್ಲ. ಎಂಟೊಂಬತ್ತು ತಿಂಗಳು ಚೀಲ ಹೊತ್ತ ತೋಳು ಅವನದು. ಮೊದಲ ಗುದ್ದಿಗೇ ಅಣ್ಣನ ಮೂಗು ಒಡೆಯಿತು. ಇಬ್ಬರೂ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ರೊಟ್ಟಿಯ ಮೇಲೆ ಉರುಳಿದರು. ಅಣ್ಣ ಅವನ ತಲೆಯನ್ನು ಮೆಟ್ಟಿಲಿಗೆ ಬಡಿದ. ಸುತ್ತ ಜನ ತೆಲುಗಿನಲ್ಲಿ, ಉರ್ದುವಿನಲ್ಲಿ ಕೂಗುತ್ತಿದ್ದರು, ಬಿಡಿಸಲು ಒಬ್ಬನೂ ಬರಲಿಲ್ಲ. ಅಣ್ಣ ಎದ್ದು ಸೈಕಲ್ ಸ್ಟ್ಯಾಂಡಿನ ಕಬ್ಬಿಣದ ಸರಳು ಎತ್ತಿಕೊಂಡ. ಸೂಗಪ್ಪ ಇನ್ನೂ ಏಳುತ್ತಿದ್ದ.

ನಾನು ನಡುವೆ ಹೋದೆ. ಸರಳು ನನ್ನ ಹೆಗಲಿಗೆ ಬಿತ್ತು. ನೋವಿಗೆ ಕಣ್ಣು ಕತ್ತಲೆಯಾಯಿತು. ಆದರೆ ಎಂಟೊಂಬತ್ತು ತಿಂಗಳು ಮುಚ್ಚಿದ್ದ ಬಾಯಿ ತೆರೆಯಿತು.

"ನಾ ಬ್ಲ್ಯಾಕ್ ಮಾರತಿದ್ದೆ ಅಣ್ಣಾ. ಹೊಲಿಗಿ ಕ್ಲಾಸ್ ಇಲ್ಲ, ಎಂಥದೂ ಇಲ್ಲ. ಅದು ಟಿಕೀಟಿನ ರೊಕ್ಕ. ನನ್ನ ಸೊಂಟದಾಗ ಒಂಬತ್ತ ಟಿಕೀಟ್ ಇದ್ವು, ಪೊಲೀಸ ನಿಂತಿದ್ದ. ನನ್ನ ಹಿಡೀತಾನಂತ ಇವ ತನ್ನ ಹಲ್ಲು ಕೊಟ್ಟ. ನಾ ಹೆದರಿ ಸುಮ್ಮನಿದ್ದೆ. ಕೆಟ್ಟಾಕಿ ನಾನು. ಹೊಡಿಯೂದಿದ್ರ ನನ್ನ ಹೊಡಿ."

ಅಣ್ಣ ಸರಳು ಹಿಡಿದೇ ನಿಂತಿದ್ದ. ಮೂಗಿನ ರಕ್ತ ತುಟಿಗೆ ಇಳಿಯುತ್ತಿತ್ತು.

"ಟಿಕೀಟಿನ ರೊಕ್ಕ ಆದ್ರ ಕೈಯಾಗ ಯಾಕಿಟ್ಟ?" ಎಂದ. "ಅವರ ಮಂದಿ ನಮಗ ಕೈಯಾಗ ಇಡೂದಿಲ್ಲ. ಮ್ಯಾಲಿಂದ ಹಾಕ್ತಾರ."

"ಹಾಕಿದ್ರ ಅವತ್ತ ಅವನ ಹಲ್ಲು ನಾನೇ ಉದುರಸ್ತಿದ್ದೆ," ಎಂದೆ. "ಇಟ್ಟ. ಅದಕ್ಕ ನನಗ ಅವ ಬೇಕು."

ಹಾಗೆ ಎಲ್ಲರೆದುರು ಹೇಳಿಬಿಟ್ಟೆ. ಸೂಗಪ್ಪ ಮೆಟ್ಟಿಲ ಮೇಲೆ ಕೂತವನು ಬಾಯಿಗೆ ಕೈ ಅಡ್ಡ ಹಿಡಿಯುವುದನ್ನೂ ಮರೆತು ನನ್ನನ್ನು ನೋಡುತ್ತಿದ್ದ. ಅಣ್ಣ ಸರಳನ್ನು ನಿಧಾನಕ್ಕೆ ಗೋಡೆಗೆ ಆನಿಸಿದ. ಬಗ್ಗಿ ಮುರಿದ ರೊಟ್ಟಿಗಳನ್ನು ಒಂದೊಂದಾಗಿ ಆರಿಸತೊಡಗಿದ. ಸ್ವಲ್ಪ ಹೊತ್ತಿಗೆ ಸೂಗಪ್ಪನೂ ಬಗ್ಗಿ ಆರಿಸಿದ.

ಅಷ್ಟರಲ್ಲಿ ಕಿಂಡಿ ತೆರೆಯಿತು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವಳು ಬೆನ್ನು ತಟ್ಟಿ ನನ್ನನ್ನು ಮುಂದೆ ನೂಕಿದಳು. ಎರಡು ಬಾಲ್ಕನಿ ತೆಗೆದುಕೊಂಡೆ. ಮೂರನೆಯದನ್ನು ಕೇಳುವಷ್ಟರಲ್ಲಿ ಹೌಸ್‌ಫುಲ್ ಬೋರ್ಡು ಬಿತ್ತು. ಅಣ್ಣನನ್ನು ಆ ಮುಖದಲ್ಲಿ ಬೀದಿಗೆ ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ. ಗೋಡೆಯ ಪಕ್ಕ ಒಬ್ಬ ಬ್ಲ್ಯಾಕ್ ಮಾರುತ್ತಿದ್ದ, ತೊಂಬತ್ತು ಎಂದ. ನಾನೂ ಇದೇ ದಂಧೆ ಮಾಡಿದವಳು ಎಂದು ಹರಕು ಮುರಕು ಉರ್ದುವಿನಲ್ಲಿ ಹೇಳಿ ಎಂಬತ್ತಕ್ಕೆ ಇಳಿಸಿದೆ.

"ಮತ್ತ ಬ್ಲ್ಯಾಕ್," ಎಂದ ಅಣ್ಣ.

"ಸುಮ್ನ ನಡಿ ಒಳಗ."

ಬಾಲ್ಕನಿಯಲ್ಲಿ ಅಣ್ಣ ಬ್ಲ್ಯಾಕ್ ಟಿಕೀಟಿನ ಸೀಟಿಗೆ ಹೋಗದೆ ನಮ್ಮಿಬ್ಬರ ನಡುವೆಯೇ ಕೂತ, ಸೂಗಪ್ಪ ಪಕ್ಕದ ಸೀಟಿಗೆ ಜರುಗಬೇಕಾಯಿತು. ಆ ಸೀಟಿನ ನಂಬರಿನವನು ಬಂದು, ಮೂವರ ಬಟ್ಟೆಯ ಮೇಲಿನ ರಕ್ತ ನೋಡಿ, ತಾನೇ ಅಣ್ಣನ ಸೀಟು ಹುಡುಕಿಕೊಂಡು ಹೋದ. ತೆಲುಗು ಸಿನಿಮಾ, ನಮಗ್ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಪರದೆಯ ಮೇಲೆ ಹೊಡೆದಾಟ ಬಂದಾಗ ಸೂಗಪ್ಪ ಅಣ್ಣನ ತಲೆಯ ಹಿಂದಿನಿಂದ ನನ್ನ ಕಡೆ ಬಗ್ಗಿ ನೋಡಿದ. ಒಂದು ಕಣ್ಣು ಊದಿ ಮುಚ್ಚಿತ್ತು, ಇನ್ನೊಂದರಲ್ಲಿ ನಗುತ್ತಿದ್ದ. ನನಗೆ ಅಳು ಬಂತು.

ಇಂಟರ್ವಲ್ಲಿನಲ್ಲಿ ದೀಪ ಹತ್ತಿತು. ಅಣ್ಣ ಎದ್ದು ಸೂಗಪ್ಪನ ಮುಂದೆ ನಿಂತ.

"ಊರಾಗ ನಾನೇ ಹೇಳ್ತೀನಿ. ಟಾಕೀಸಿನ ಮುಂದ ನಿಂತು ಹೇಳ್ತೀನಿ. ನಿಮ್ಮಪ್ಪನ ಮನಿ ಬಾಗಲಿಗೂ ಹೋಗ್ತೀನಿ."

"ಅವರು ಒಳಗ ಕರಿಯಂಗಿಲ್ರಿ," ಎಂದ ಸೂಗಪ್ಪ.

"ಹೊರಗ ನಿಂತೇ ಹೇಳ್ತೀನಿ. ನನ್ನ ದನಿನೂ ನನ್ನ ತಂಗಿದಷ್ಟೇ ದೊಡ್ಡದೈತಿ."

ಗಂಟು ಬಿಚ್ಚಿ, ಮುರಿಯದೆ ಉಳಿದಿದ್ದ ಒಂದೇ ಇಡೀ ರೊಟ್ಟಿಯನ್ನು ತೆಗೆದು ಸೂಗಪ್ಪನ ಕೈಯಲ್ಲಿ ಇಟ್ಟ. ನನ್ನ ಹೆಗಲನ್ನು ಒಮ್ಮೆ ಮುಟ್ಟಿ ನೋಡಿದ. ಸೋಡಾ ಕುಡಿದು ಬರುತ್ತೇನೆಂದು ಹೋದವನು ಸಿನಿಮಾ ಶುರುವಾದರೂ ಬರಲಿಲ್ಲ. ಯಾದಗಿರಿಯ ರೈಲಿಗೆ ಹೋಗಿರಬೇಕೆಂದು ತಿಳಿಯಿತು.

ಸೂಗಪ್ಪ ಜರುಗಿ ನಡುವಿನ ಸೀಟಿಗೆ ಬಂದ. ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟ.

"ಥುಂದ್ರಿ," ಎಂದ.

"ಏನ?"

"ಕೈ ಕೊಡಿಲ್ಲಿ."

ಕೊಟ್ಟೆ. ನನ್ನ ಅಂಗೈಯಲ್ಲಿ ತನ್ನ ಅಂಗೈ ಇಟ್ಟ. ಈ ಸಲ ಅದರಲ್ಲಿ ರೊಕ್ಕ ಇರಲಿಲ್ಲ.