ಒಂಬತ್ತನೇ ನಂಬರಿನವನ ಸಹಿ

ಜೂನ್ 14, ಶನಿವಾರ ಸಂಜೆ 6 ಗಂಟೆ 50 ನಿಮಿಷಕ್ಕೆ ಸಾನ್ ತೆಲ್ಮೊ ಬಂದರು ಠಾಣೆಗೆ ಇಬ್ಬರು ದೂರು ಹೊತ್ತು ಬಂದರು. ಒಬ್ಬರು ನಾಲ್ಕು ಬಂದರುಗಳ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಕಾರ್ಯದರ್ಶಿ, ಶಾಲೆಯ ಮೇಡಂ ಫಿಲೊಮೆನಾ ತಾನ್. ಇನ್ನೊಬ್ಬರು ಹದಿನಾಲ್ಕು ಮೀನುದೋಣಿಗಳ ಯಜಮಾನ, ಊರಿನ ತಂಡದ ಮಾಲೀಕ ಸೆವೆರೊ ಪಲ್ಮಾರೆಸ್. ದೂರು ಮೇಡಂದು, ಕೂಗಾಟ ಯಜಮಾನರದು.

ಇನ್‌ಸ್ಪೆಕ್ಟರ್ ಎವಾರಿಸ್ತೊ ಕಾತುಬಿಗ್ ಅವರ ಗಂಟಲು ಆಗಲೇ ಕಟ್ಟಿಹೋಗಿತ್ತು. ಮಧ್ಯಾಹ್ನ ರಜೆ ಹಾಕಿ ಗ್ಯಾಲರಿಯ ಮೂರನೇ ಸಾಲಿನಲ್ಲಿ ಕೂತು ರೆಫರಿಯ ವಂಶವನ್ನೆಲ್ಲ ಜಾಲಾಡಿ ಬಂದಿದ್ದರು. ಈಗ ಸಮವಸ್ತ್ರ ತೊಟ್ಟು ನಿಷ್ಪಕ್ಷಪಾತಿಯಾಗಬೇಕಿತ್ತು.

"ಏನು ಕಳುವಾಗಿದೆ?"

"ಫೈನಲ್ ಪಂದ್ಯದ ಸ್ಕೋರ್ ಶೀಟು, ಸರ್. ಮೂಲ ಪ್ರತಿ," ಎಂದರು ಮೇಡಂ.

"ಕದ್ದೋನ ಹೆಸರು ನಾನು ಹೇಳ್ತೀನಿ, ಬರ್ಕೊಳ್ಳಿ," ಎಂದು ಸೆವೆರೊ ಮೇಜು ಗುದ್ದಿದರು. "ಹೆಂಗ್ಕಿ. ಆ ಬಿತುಂಗಿನೋನು. ಮೊದಲು ಕಪ್ ಕದ್ದ, ಆಮೇಲೆ ಕಾಗದ ಕದ್ದ."

ಬಿತುಂಗ್ ಸಮುದ್ರದಾಚೆಯ ಇಂಡೋನೇಷ್ಯಾದ ಬಂದರು. ಆಡಿದವರು ಎರಡೂ ಕಡೆ ಮೀನುಗಾರರೇ. ಪಂದ್ಯ ಮುಗಿಯಲು ಒಂದು ಸೆಕೆಂಡೂ ಇಲ್ಲದಾಗ ಊರಿನ ತಂಡ 81–80ರಲ್ಲಿ ಮುಂದಿತ್ತು. ಹೆಂಗ್ಕಿ ಚೆಂಡು ಹಿಡಿದ, ತಿರುಗಿದ, ಎಸೆದ. ಚೆಂಡು ಬುಟ್ಟಿಗೆ ಬಿತ್ತು. ಸಮಯ ಮುಗಿಯಿತೆಂದು ಹಲಗೆಯ ಹಿಂದಿನ ಕೆಂಪು ದೀಪ ಹತ್ತಿದಾಗ ಚೆಂಡು ಅವನ ಕೈಯಲ್ಲೇ ಇತ್ತೆಂದು ಇಡೀ ಸಾನ್ ತೆಲ್ಮೊ ಹೇಳಿತು. ಕೈ ಬಿಟ್ಟಿತ್ತೆಂದು ರೆಫರಿ ಹೇಳಿದರು. ಇನ್ನೂರು ಜನ ಮೊಬೈಲಿನಲ್ಲಿ ಹಿಡಿದ ವಿಡಿಯೊಗಳಲ್ಲಿ ಮುಂದಿನ ಸಾಲಿನವರ ತಲೆಗಳು ಮಾತ್ರ ಚೆನ್ನಾಗಿ ಬಂದಿದ್ದವು.

ತೀರ್ಪು ಒಪ್ಪುವುದಿಲ್ಲವೆಂದು ಸೋತ ತಂಡದ ನಾಯಕ ಮೂಲ ಪ್ರತಿಯ ಮೇಲೆ ಸಹಿ ಹಾಕಿದರೆ ಮಾತ್ರ ತಕರಾರು ಸಮಿತಿಯ ಮುಂದೆ ಬರುತ್ತದೆ. 5.50ಕ್ಕೆ ಸಹಿ ಬಿದ್ದಿತ್ತು. ಭಾನುವಾರ ಬೆಳಗ್ಗೆ ಹತ್ತಕ್ಕೆ ಸಮಿತಿ ಕೂರುವುದಿತ್ತು. ಕಾಗದವಿಲ್ಲದಿದ್ದರೆ ತಕರಾರೂ ಇಲ್ಲ, ಕಪ್ ಬಿತುಂಗಿಗೆ.

7.15ಕ್ಕೆ ಸ್ಥಳ ಮಹಜರು. ಕಾರ್ಯದರ್ಶಿಯ ಕೋಣೆ ಡ್ರೆಸ್ಸಿಂಗ್ ರೂಮುಗಳ ಕಾರಿಡಾರಿನ ಕೊನೆಯಲ್ಲಿತ್ತು. ಬೀರುವಿಗೆ ಬೀಗವೇನೋ ಇತ್ತು. ಬೀಗದ ಕೈ ಬೀರುವಿನ ಪಕ್ಕದ ಮೊಳೆಯಲ್ಲೇ ತೂಗುತ್ತಿತ್ತು.

"ಯಾವಾಗಲೂ ಇಲ್ಲೇ ಇಡೋದಾ, ಮೇಡಂ?"

"ಇಲ್ಲಿಟ್ರೆ ಕಳ್ದುಹೋಗಲ್ಲ ಅಂತ, ಸರ್."

ಲಕೋಟೆ ಒಳಗೇ ಇತ್ತು. ಅದರೊಳಗಿನ ಶೀಟು ಇರಲಿಲ್ಲ. ಲಕೋಟೆಯ ಮೂಲೆಯಲ್ಲಿ ಹೆಬ್ಬೆರಳಗಲದ ಎಣ್ಣೆಯ ಕಲೆಯಿತ್ತು. ಕಾನ್‌ಸ್ಟೇಬಲ್ ಜೊವೆಲಿನ್ ಸುಮಲ್ಪೊಂಗ್ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮೊಹರು ಮಾಡಿದಳು. 6.10ರ ಸುಮಾರಿಗೆ ಹೆಂಗ್ಕಿ ನೀರಿನ ಬಾಟಲಿ ಹಿಡಿದು ಕಾರಿಡಾರಿನಿಂದ ಬಂದದ್ದನ್ನು ಕಂಡಿದ್ದಾಗಿ ಕಾವಲುಗಾರ ಹೇಳಿಕೆ ಕೊಟ್ಟ.

ಊರಿನ ಆಟಗಾರರನ್ನೂ ಒಬ್ಬೊಬ್ಬರಾಗಿ ಕೇಳಲಾಯಿತು. ನಾಯಕ ನೆಮೆಸಿಯೊ ಅಬಾರ್ಕೆಸ್, ಒಂಬತ್ತನೇ ನಂಬರು, ವಯಸ್ಸು 34. ಹನ್ನೆರಡು ವರ್ಷದಿಂದ ಸೆವೆರೊ ಅವರ ದೋಣಿಯಲ್ಲಿ ಗಾಳ ಹಾಕುವವನು.

"ಸಹಿ ಹಾಕಿದ ಮೇಲೆ ಎಲ್ಲಿದ್ದೆ, ನೆಮ್?"

"ಡ್ರೆಸ್ಸಿಂಗ್ ರೂಮಲ್ಲಿ, ಸರ್. ಕಾಲಿಗೆ ಐಸ್ ಇಟ್ಕೊಂಡು."

"ಹೊರಗೆ ಬರಲೇ ಇಲ್ವಾ?"

"ಇಲ್ಲ."

"ನಾಲ್ಕನೇ ಕ್ವಾರ್ಟರಲ್ಲಿ ಆ ಮೂಲೆಯಿಂದ ಹಾಕಿದ್ಯಲ್ಲಪ್ಪ..." ಎಂದು ಶುರುಮಾಡಿದ ಇನ್‌ಸ್ಪೆಕ್ಟರ್ ಜೊವೆಲಿನ್ ಕೆಮ್ಮಿದ್ದು ಕೇಳಿ ಸುಮ್ಮನಾದರು.

ರಾತ್ರಿ ಎಂಟಕ್ಕೆ ಹೆಂಗ್ಕಿಯನ್ನು ಠಾಣೆಗೆ ತಂದರು. ಜೊವೆಲಿನ್‌ಳ ಅಜ್ಜಿ ಆಚೆ ದ್ವೀಪದವಳು. ಅವರ ಮಾತು ಬರುತ್ತಿದ್ದುದರಿಂದ ಅವಳೇ ನಡುವೆ ನಿಂತಳು.

"ಕಾರಿಡಾರಿಗೆ ಯಾಕೆ ಹೋಗಿದ್ದೆ?"

"ಒಬ್ಬ ಗೋಡೆಗೆ ಒರಗಿ ಕುಸಿದಿದ್ದ. ಕಾಲು ಹಿಡ್ಕೊಂಡಿತ್ತು. ಒಂಚೂರು ನೀರು ಕುಡಿಸ್ದೆ."

"ಯಾರು ಅವನು?"

"ನಿಮ್ಮ ಒಂಬತ್ತನೇ ನಂಬರು."

"ಅವನು ರೂಮಿಂದ ಹೊರಗೇ ಬಂದಿಲ್ಲ."

ಹೆಂಗ್ಕಿ ತಲೆ ಕೆರೆದುಕೊಂಡ. "ಹಾಗಾದ್ರೆ ನಾನು ಗೋಡೆಗೆ ನೀರು ಕುಡಿಸಿರ್ಬೇಕು."

ಇನ್‌ಸ್ಪೆಕ್ಟರಿಗೆ ನಗು ಬರಲಿಲ್ಲ. ಒಂದು ಕಡೆ ಊರಿನ ನಾಯಕನ ಮಾತು, ಇನ್ನೊಂದು ಕಡೆ ಹೊರಗಿನವನ ಮಾತು. ಯಾವುದನ್ನು ನಂಬಬೇಕೆಂಬ ಬಗ್ಗೆ ಅವರಿಗೆ ಸಂಶಯವೇ ಬರಲಿಲ್ಲ, ಅಲ್ಲೇ ಅವರು ಎಡವಿದರು. ಹೆಂಗ್ಕಿಯ ಪಾಸ್‌ಪೋರ್ಟನ್ನು ಮೇಜಿನ ಡ್ರಾಯರಿಗೆ ಹಾಕಿದರು. ಬಿತುಂಗಿನ ಹಡಗು ಭಾನುವಾರ ಮಧ್ಯಾಹ್ನ ಮೂರಕ್ಕೆ ಹೊರಡುವುದಿತ್ತು. ಮುಂದಿನ ಹಡಗು ಎರಡು ವಾರದ ನಂತರ. ಅಷ್ಟರಲ್ಲಿ ಅವನಿಗೆ ದೋಣಿಯಲ್ಲಿನ ಕೆಲಸವೂ ಹೋಗುತ್ತಿತ್ತು, ಕಳ್ಳನೆಂಬ ಹೆಸರೂ ಬರುತ್ತಿತ್ತು.

ಭಾನುವಾರ ಬೆಳಗ್ಗೆ ಎಂಟಕ್ಕೆ ಜೊವೆಲಿನ್ ಅವನಿಗೆ ಕಾಫಿ, ಬ್ರೆಡ್ ತಂದುಕೊಟ್ಟಳು. ಬೆಂಚಿನ ಮೇಲೆ ಮಲಗಿ ಮೈ ಹಿಡಿದುಕೊಂಡಿದ್ದ ಹೆಂಗ್ಕಿ ಭುಜಕ್ಕೆ ತನ್ನ ಸೀಸೆಯ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಠಾಣೆಯೆಲ್ಲ ಲವಂಗದ ಘಮ. ಆಚೆ ದ್ವೀಪದವರು ನೋವಿಗೆ ಹಚ್ಚುವುದು ಅದನ್ನೇ, ಅಜ್ಜಿಯೂ ಅದನ್ನೇ ಹಚ್ಚುತ್ತಿದ್ದಳು. ಜೊವೆಲಿನ್ ಒಂದು ಗಳಿಗೆ ನಿಂತಳು. ಒಳಗೆ ಹೋಗಿ ಇನ್‌ಸ್ಪೆಕ್ಟರ ಎದುರಿಗೇ ಮೊಹರು ಒಡೆದು ಲಕೋಟೆಯನ್ನು ಅವರ ಮೂಗಿಗೆ ಹಿಡಿದಳು.

"ಇದೇನು ವಾಸನೆ ಹೇಳಿ, ಸರ್."

ಘಾಟಿಗೆ ಇನ್‌ಸ್ಪೆಕ್ಟರ ಕಣ್ಣಲ್ಲಿ ನೀರು ಬಂತು. ಸಾನ್ ತೆಲ್ಮೊದ ಪ್ರತಿ ಗೂಡಂಗಡಿಯಲ್ಲೂ ಸಿಗುವ ಹಸಿರು ಎಣ್ಣೆ. ಅವರ ಸೊಂಟಕ್ಕೂ ಅದೇ.

"ನಮ್ಮೋರದ್ದು," ಎಂದರು ಮೆಲ್ಲಗೆ.

"ಬಿತುಂಗಿನೋರು ಈ ಎಣ್ಣೆ ಮುಟ್ಟಲ್ಲ, ಸರ್. ಇವನು ಹೇಳಿದ್ದು ನಿಜ ಆದ್ರೆ, ನೆಮ್ ಹೇಳಿದ್ದು ಸುಳ್ಳು."

9.05ಕ್ಕೆ ಇಬ್ಬರೂ ನೆಮೆಸಿಯೊನ ಮನೆ ತಲುಪಿದರು. ಸಮಿತಿಯ ಮುಂದೆ ಕರೆದೊಯ್ಯಲು ಸೆವೆರೊ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ನೆಮೆಸಿಯೊ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕಾಲಲ್ಲಿ ಮಾತ್ರ ನಿನ್ನೆ ಆಡಿದ ಶೂಗಳೇ ಇದ್ದವು.

"ನಿನ್ನೆ ಆರು ಗಂಟೆಗೆ ಕಾರಿಡಾರಲ್ಲಿ ನಿನಗೆ ನೀರು ಕೊಟ್ಟೋರು ಯಾರು?" ಎಂದರು ಇನ್‌ಸ್ಪೆಕ್ಟರ್.

ನೆಮೆಸಿಯೊ ಸೆವೆರೊ ಅವರ ಕಡೆ ನೋಡಿದ.

"ಕೊಟ್ಟೋನು ರಾತ್ರಿಯಿಡೀ ನಮ್ಮ ಬೆಂಚಿನ ಮೇಲೆ ಮಲಗಿದ್ದಾನೆ. ನೀನು ಕದ್ದದ್ದಕ್ಕೆ."

ನೆಮೆಸಿಯೊನ ಮುಖ ಬಿಳುಚಿತು. "ಅವನನ್ನ ಹಿಡಿದಿದ್ದೀರಾ? ನನಗೆ ಗೊತ್ತಿರ್ಲಿಲ್ಲ, ಸರ್. ತಾಯಾಣೆಗೂ ಗೊತ್ತಿರ್ಲಿಲ್ಲ." ಕೂತು ಬಲಗಾಲಿನ ಶೂ ಬಿಚ್ಚಿ, ಒಳಹಾಸು ಎತ್ತಿ, ನಾಲ್ಕು ಮಡಿಕೆಯ ಕಾಗದ ತೆಗೆದುಕೊಟ್ಟ. ಬೆವರಿಗೆ ಒದ್ದೆಯಾಗಿದ್ದರೂ ಅಕ್ಷರ ಅಳಿಸಿರಲಿಲ್ಲ.

ಸೆವೆರೊ ಎದ್ದು ನಿಂತರು. "ನಿನ್ನ ಮದುವೆಗೆ ನಿಂತು ತಲೆಮೇಲೆ ಕೈಯಿಟ್ಟೋನು ನಾನು. ಹನ್ನೆರಡು ವರ್ಷ ಕೆಲಸ ಕೊಟ್ಟಿದ್ದೀನಿ. ನನಗೇ ಹಿಂಗ್ ಮಾಡ್ತೀಯಾ?"

"ನಿಮ್ಮ ಋಣಕ್ಕೇ ಸಹಿ ಹಾಕ್ದೆ, ನಿನೊಂಗ್," ಎಂದ ನೆಮೆಸಿಯೊ. ಮದುವೆಗೆ ನಿಂತ ಹಿರಿಯರನ್ನು ಅಲ್ಲಿ ಕರೆಯುವುದೇ ಹಾಗೆ. "ಅವನ ಋಣಕ್ಕೆ ಕದ್ದೆ."

ನಾಲ್ಕು ವರ್ಷದ ಹಿಂದಿನ ಕತೆ ಊರಿಗೆಲ್ಲ ಗೊತ್ತಿತ್ತು. ಬಿರುಗಾಳಿಯಲ್ಲಿ ದೊಡ್ಡ ದೋಣಿಗೆ ಕಟ್ಟಿದ್ದ ಹಗ್ಗ ಕಡಿದು ನೆಮೆಸಿಯೊನ ಪುಟ್ಟ ದೋಣಿ ಒಂಬತ್ತು ದಿನ ತೇಲಿತ್ತು. ಎತ್ತಿಕೊಂಡದ್ದು ಬಿತುಂಗಿನ ಒಂದು ದೋಣಿ.

"ಕಣ್ಣು ಉಪ್ಪಿಗೆ ಊದ್ಕೊಂಡು ಮುಚ್ಚಿಹೋಗಿತ್ತು, ಸರ್. ಮುಖ ನೋಡ್ಲಿಲ್ಲ. ಹೆಸರು ಕೇಳೋಕೆ ನಾಲಿಗೆ ಏಳ್ಲಿಲ್ಲ. ಯಾರೋ ಒಬ್ಬ ತಲೆ ತೊಡೆ ಮೇಲಿಟ್ಕೊಂಡು ಚಮಚದಲ್ಲಿ ನೀರು ಹಾಕ್ತಿದ್ದ. ನಾನು ಆತುರ ಬಿದ್ದಾಗೆಲ್ಲ 'ಪೆಲಾನ್, ಪೆಲಾನ್' ಅಂತಿದ್ದ. ನಿಧಾನ, ನಿಧಾನ ಅಂತ. ನಿನ್ನೆ ಕಾರಿಡಾರಲ್ಲಿ ಬಾಟಲಿ ಹಿಡಿದು ಅದೇ ದನಿ ಅದೇ ಮಾತು ಹೇಳ್ತು."

"ಹಾಗಂತ ಕೊನೇ ಚೆಂಡು ಬಿಟ್ಟುಕೊಟ್ಟಿದ್ಯಾ?"

"ಛೆ! ಆಗ ಅವನು ಯಾರಂತಲೇ ಗೊತ್ತಿರ್ಲಿಲ್ಲ. ಗೊತ್ತಿದ್ರೂ ಬಿಡ್ತಿರ್ಲಿಲ್ಲ. ಮೈಯಲ್ಲಿದ್ದಷ್ಟೂ ಹಾರ್ದೆ. ಎರಡಡಿ ದೂರದಲ್ಲಿದ್ದೆ, ಸರ್. ಚೆಂಡು ಕೈ ಬಿಟ್ಟ ಮೇಲೇನೇ ದೀಪ ಹತ್ತಿದ್ದು. ಸುಳ್ಳಿಗೆ ಸಹಿ ಹಾಕಿದ್ದೆ. ನಿನೊಂಗ್ ಎದುರಿಗೆ ಇದನ್ನ ಹೇಳೋಕೆ ಬಾಯಿ ಬರ್ಲಿಲ್ಲ, ಕೈ ಬಂತು."

"ಹರಿದು ಸಮುದ್ರಕ್ಕೆ ಹಾಕಬಹುದಿತ್ತಲ್ಲ. ಶೂನಲ್ಲಿ ಯಾಕಿಟ್ಕೊಂಡೆ?" ಎಂದು ಕೇಳಿದವಳು ಜೊವೆಲಿನ್.

"ಹೆಂಗೆ ಹರೀಲಿ, ತಂಗಿ? ಅವನು ಹಾಕಿದ ಇಪ್ಪತ್ತೇಳು ಪಾಯಿಂಟು ಅದ್ರಲ್ಲೇ ಬರ್ದಿದೆ."

ಸೆವೆರೊ ಮತ್ತೆ ಕೂತರು. ಅವರೂ ಆ ಒಂಬತ್ತು ದಿನ ದೋಣಿ ಕಟ್ಟಿಕೊಂಡು ಹುಡುಕಿದವರೇ.

9.30ಕ್ಕೆ ಬಂಧನ. 10.15ಕ್ಕೆ ನೆಮೆಸಿಯೊನ ಹೇಳಿಕೆಯನ್ನು ಸಮಿತಿಯ ಮುಂದೆ ಓದಲಾಯಿತು. ತಕರಾರು ಹಿಂದಕ್ಕೆ ಪಡೆಯುವುದಾಗಿ ಎದ್ದು ನಿಂತು ಹೇಳಿದವರು ಸೆವೆರೊ. ಕಪ್ ಬಿತುಂಗಿಗೆ ಹೋಯಿತು. ಗ್ಯಾಲರಿಯಲ್ಲಿ ಒಬ್ಬರೂ ಕೂಗಲಿಲ್ಲ.

ಇನ್‌ಸ್ಪೆಕ್ಟರ್ ಪಾಸ್‌ಪೋರ್ಟ್ ವಾಪಸು ಕೊಡುವಾಗ ಎರಡೂ ಕೈಯಲ್ಲಿ ಕೊಟ್ಟರು. "ನಾನು ನಿನ್ನ ಮಾತು ನಂಬಬೇಕಿತ್ತು. ತಪ್ಪಾಯ್ತು. ನಮ್ಮ ಹುಡುಗನ್ನ ಉಳಿಸಿಕೊಟ್ಟಿದ್ದೀಯ, ಈ ಊರು ನಿನ್ನ ಮರೆಯಲ್ಲ," ಎಂದರು. ಜೊವೆಲಿನ್ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಹೆಂಗ್ಕಿ ಲಾಕಪ್ಪಿನ ಕಂಬಿಯ ಹತ್ತಿರ ಹೋಗಿ ನೆಮೆಸಿಯೊನನ್ನು ಬಹಳ ಹೊತ್ತು ನೋಡಿದ.

"ನೀನಾ? ಆವಾಗ ಒಣಮೀನಿನ ಹಂಗಿದ್ದೆ. ಬದುಕ್ತೀಯ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ."

"ಬದುಕ್ದೆ, ಅಣ್ಣ. ಎರಡು ಮಕ್ಕಳಿದ್ದಾರೆ. ಚಿಕ್ಕದು ಆಮೇಲೆ ಹುಟ್ಟಿದ್ದು." ನೆಮೆಸಿಯೊ ಕಂಬಿಯ ನಡುವಿನಿಂದ ಕೈ ಚಾಚಿ ಹೆಂಗ್ಕಿಯ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡ. ಹಿರಿಯರಿಗೆ ಮಾತ್ರ ಹಾಗೆ ಮಾಡುತ್ತಾರೆ. ಹೆಂಗ್ಕಿ ಅವನಿಗಿಂತ ಮೂರು ವರ್ಷ ಚಿಕ್ಕವನು.

ಮೂರಕ್ಕೆ ಹಡಗು ಹೊರಟಿತು. ಸೆವೆರೊ ಜಾಮೀನಿನ ಕಾಗದಕ್ಕೆ ಸಹಿ ಹಾಕಲು ಠಾಣೆಗೆ ಬಂದಾಗ ಜೊವೆಲಿನ್ ಪ್ರಕರಣದ ನಮೂನೆ ತುಂಬುತ್ತಿದ್ದಳು.

"ಕಳವಿನ ಉದ್ದೇಶ ಅಂತ ಕೇಳಿದ್ದಾರೆ, ಸರ್. ಲಾಭ, ದ್ವೇಷ, ಇತರೆ. ಯಾವುದಕ್ಕೆ ಗುರುತು ಹಾಕ್ಲಿ?"

"ಇತರೆ."

"ವಿವರ ಬರೀಬೇಕು."

ಕಾತುಬಿಗ್ ಪೆನ್ನು ತೆಗೆದುಕೊಂಡು ತಾವೇ ಬರೆದರು: 'ನಾಲ್ಕು ವರ್ಷದ ಹಿಂದೆ, ಸಮುದ್ರದಲ್ಲಿ, ಚಮಚದಲ್ಲಿ ಕೊಟ್ಟ ನೀರು.' ಕೆಳಗೆ ಸಹಿ ಹಾಕಿ ಸಮಯ ನಮೂದಿಸಿದರು, ಸಂಜೆ 4.20.