ಹಸಿರು ಬಣ್ಣದಡಿಯ ಹೆಸರು

ಸೋಮವಾರ ಬೆಳಿಗ್ಗೆ ಏಳರ ಸುಮಾರಿಗೆ ಹಳೇಬೀಡು ಪೊಲೀಸ್ ಠಾಣೆಗೆ ಬಂದ ಮೇಧಿನಿಯ ಚೂಡಿದಾರದ ತೋಳಿನ ಮೇಲೆ ರಕ್ತ ಒಣಗಿತ್ತು. ಅದು ತನ್ನದಲ್ಲ, ಗಂಡ ಆದಿತ್ಯನದು ಎಂದಳು. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ್ದ ಅವನನ್ನು ಅಣ್ಣನ ಜೊತೆ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿ, ತಾನು ನೇರ ಇಲ್ಲಿಗೆ ಬಂದಿದ್ದಳು.

"ನೀವೂ ಜೊತೆಗೆ ಹೋಗಬಹುದಿತ್ತಲ್ಲಮ್ಮ" ಎಂದರು ಪಿಎಸ್ಐ ಮೀನಾಕ್ಷಿ.

"ನಾನು ಅಲ್ಲಿ ಅಳ್ತಾ ಕೂತರೆ ಹೊಡೆದೋನು ಕೈಗೆ ಸಿಗಲ್ಲ ಮೇಡಂ. ದೂರು ಬರ್ಕೊಳ್ಳಿ, ಆಮೇಲೆ ಹೋಗ್ತೀನಿ."

ಮೀನಾಕ್ಷಿ ಕುಡಿಯಲು ನೀರು ತರಿಸಿ, ತಾವೇ ಪೆನ್ನು ಹಿಡಿದರು. ಗಂಡಹೆಂಡಿರಿಬ್ಬರೂ ಹಗರೆ ರಸ್ತೆಯಲ್ಲಿ 'ಹಳೇಬೇರು' ಎಂಬ ಅಂಗಡಿ ನಡೆಸುತ್ತಿದ್ದರು. ಗುಜರಿ ಅಂಗಡಿಗಳಲ್ಲಿ, ಕೆಡವುವ ಮನೆಗಳಲ್ಲಿ, ಯಾರದೋ ಅಟ್ಟದ ಮೇಲೆ ಬಿದ್ದಿರುವ ಹಳೇ ಸಾಮಾನು ಹುಡುಕಿ ತರುವುದು ಮೇಧಿನಿಯ ಕೆಲಸ. ತುಕ್ಕು ಕೆರೆದು, ಮುರಿದದ್ದನ್ನು ಬೆಸೆದು, ಅದಕ್ಕೆ ಮತ್ತೆ ಜೀವ ಬರಿಸುವುದು ಆದಿತ್ಯನ ಕೆಲಸ. ದೇವಸ್ಥಾನ ನೋಡಲು ಬರುವ ಪ್ರವಾಸಿಗರು ಕೊಳ್ಳುತ್ತಿದ್ದರು. ಅಂದು ಬೆಳಕು ಹರಿಯುವ ಹೊತ್ತಿಗೆ ಆದಿತ್ಯ ಅಂಗಡಿಯ ಹಿಂದಿನ ವರ್ಕ್‌ಶಾಪಿಗೆ ಹೋದಾಗ ಬೀಗ ಒಡೆದಿತ್ತು, ಒಳಗೆ ಯಾರೋ ಇದ್ದಿರಬೇಕು. ಕಾಫಿ ತಂದ ಮೇಧಿನಿಗೆ ಕಂಡದ್ದು ನೆಲದ ಮೇಲೆ ಬಿದ್ದ ಗಂಡ, ಪಕ್ಕದಲ್ಲಿ ಕಬ್ಬಿಣದ ಸಲಾಕೆ, ರಸ್ತೆ ತಿರುವಿನಲ್ಲಿ ಮರೆಯಾಗುತ್ತಿದ್ದ ಒಂದು ಗೂಡ್ಸ್ ಗಾಡಿಯ ಬೆನ್ನು.

ಕಳುವಾದದ್ದು ಒಂದೇ ವಸ್ತು, ಅರ್ಧ ಬಿಚ್ಚಿಟ್ಟಿದ್ದ ಹಳೇ ಸ್ಕೂಟರ್.

ಸುಲಿಗೆ ಮತ್ತು ಕೊಲೆ ಯತ್ನವೆಂದು ಎಫ್‌ಐಆರ್ ದಾಖಲಾಯಿತು. ಮೀನಾಕ್ಷಿ, ಹೆಡ್ ಕಾನ್ಸ್‌ಟೇಬಲ್ ಜಯದೇವಪ್ಪ ಮತ್ತು ಇಬ್ಬರು ಪಂಚರು ವರ್ಕ್‌ಶಾಪಿನಲ್ಲಿ ಪಂಚನಾಮೆ ಶುರುಮಾಡಿದರು. ಗ್ರಾಮೋಫೋನು ಇಟ್ಟಲ್ಲೇ ಇತ್ತು. ಹಿತ್ತಾಳೆ ಹಂಡೆ, ಬೆಳ್ಳಿ ಹಿಡಿಯ ಕೈಗೋಲು, ಕಪಾಟಿನಲ್ಲಿದ್ದ ಆದಿತ್ಯನ ಮೊಬೈಲು ಯಾವುದನ್ನೂ ಮುಟ್ಟಿರಲಿಲ್ಲ. ಬಾಗಿಲ ಚಿಲಕಕ್ಕೆ ತೆಂಗಿನ ನಾರು ಸಿಕ್ಕಿಕೊಂಡಿತ್ತು. ಅದನ್ನೂ ಪಂಚನಾಮೆಗೆ ಸೇರಿಸಿದರು. ಆದರೆ ಈ ಸೀಮೆಯಲ್ಲಿ ತೆಂಗಿನ ನಾರು ಅಂಟದ ಗಾಡಿ ಯಾವುದಿದೆ ಎಂದು ಜಯದೇವಪ್ಪ ನಿಟ್ಟುಸಿರು ಬಿಟ್ಟರು.

ಕಳ್ಳನಿಗೆ ಬೇಕಾದದ್ದು ಸ್ಕೂಟರೇ ಎಂಬುದು ಮೀನಾಕ್ಷಿಗೆ ಖಚಿತವಾಯಿತು. ಯಾಕೆ ಎಂಬುದು ತಿಳಿಯಲಿಲ್ಲ. ಎಂಜಿನ್ ಇಲ್ಲದ, ಚಕ್ರವಿಲ್ಲದ ಅಸ್ಥಿಪಂಜರಕ್ಕಾಗಿ ಒಬ್ಬ ಮನುಷ್ಯನ ತಲೆ ಒಡೆಯುವಷ್ಟು ಏನಿತ್ತು?

"ಪೂರ್ತಿ ಹೋಗಿಲ್ಲ ಮೇಡಂ" ಎನ್ನುತ್ತಾ, ಜೊತೆಗೆ ಬಂದಿದ್ದ ಮೇಧಿನಿ ಮೂಲೆಯ ಪ್ಲಾಸ್ಟಿಕ್ ತೊಟ್ಟಿಯ ಮೇಲಿನ ಚೀಲ ಸರಿಸಿದಳು. ಬಣ್ಣ ಬಿಡಿಸುವ ದ್ರಾವಣದಲ್ಲಿ ಸ್ಕೂಟರಿನ ಮುಂದಿನ ಡಬ್ಬಿಯ ಮುಚ್ಚಳ ಮುಳುಗಿತ್ತು. ಅದನ್ನು ಎತ್ತಿ ಬಟ್ಟೆಯಿಂದ ಒರೆಸಿದಳು. ಯಾರೋ ಒರಟಾಗಿ ಬಳಿದಿದ್ದ ಹಸಿರು ಬಣ್ಣದಲ್ಲಿ ಉಳಿದಿದ್ದದ್ದು ಸಿಪ್ಪೆಸಿಪ್ಪೆಯಾಗಿ ಎದ್ದು ಬಂತು. ಕೆಳಗೆ ಆಕಾಶನೀಲಿ. ನೀಲಿಯ ಮೇಲೆ ಬಿಳಿ ಬಣ್ಣದಲ್ಲಿ, ಕುಂಚದಿಂದ ಬರೆದ ದುಂಡು ಅಕ್ಷರಗಳು: ಚಿತ್ರಾ.

ಹಿಂದಿನ ಸಂಜೆ ಈ ಹೆಸರು ಮೊದಲು ಕಂಡಾಗ ಖುಷಿಯಾಗಿ, ಫೋಟೊ ತೆಗೆದು, 'ಯಾರ ಮನೆಯ ಗಾಡಿ ಇದು?' ಎಂದು ಅಂಗಡಿಯ ಪುಟದಲ್ಲಿ ಹಾಕಿದ್ದಾಗಿ ಮೇಧಿನಿ ಹೇಳಿದಳು. ಊರವರೆಲ್ಲ ಹಂಚಿಕೊಂಡಿದ್ದರು. ಕಳ್ಳನೂ ನೋಡಿದ್ದಾನೆ ಎಂದು ಮೀನಾಕ್ಷಿ ಅಂದುಕೊಂಡರು.

ಹನ್ನೊಂದು ಗಂಟೆಗೆ ಠಾಣೆಗೆ ಹಿಂದಿರುಗಿದಾಗ ಇಬ್ಬರು ಹೆಂಗಸರು ಕಾಯುತ್ತಿದ್ದರು. ಬೇಲೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಚಿತ್ರಾ ಮತ್ತು ಅವಳ ತಾಯಿ ವೇದವಲ್ಲಿ. ಫೋಟೊ ನೋಡಿ ಅಂಗಡಿಗೆ ಹೋಗಿದ್ದರು, ಬಾಗಿಲಲ್ಲಿ ಕಾವಲಿದ್ದ ಕಾನ್ಸ್‌ಟೇಬಲ್ ಇಲ್ಲಿಗೆ ಕಳಿಸಿದ್ದ. ಮುಚ್ಚಳವನ್ನು ಮೇಜಿನ ಮೇಲಿಟ್ಟ ಕೂಡಲೇ ವೇದವಲ್ಲಿ ಕೈ ಚಾಚಿ, ಮುಟ್ಟದೆ ಹಿಂತೆಗೆದುಕೊಂಡರು.

ಅದು ಅವರ ಗಂಡ ಶ್ರೀರಾಮ್ ಅವರ ಬರಹ. ಹಳೇಬೀಡಿನಲ್ಲಿ ಮೇಷ್ಟರಾಗಿದ್ದವರು ಮಗಳ ನಾಮಕರಣದ ದಿನ ಆ ಹೆಸರು ಬರೆದಿದ್ದರು. 2006ರ ಮೇ ತಿಂಗಳಲ್ಲಿ, ಜಾವಗಲ್‌ನಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋದವರು ಮರಳಲಿಲ್ಲ. ಇದೇ ಠಾಣೆಯಲ್ಲಿ ನಾಪತ್ತೆ ದೂರು ಕೊಟ್ಟಿದ್ದರು. ವಾರದೊಳಗೆ ಒಬ್ಬ ಮನೆಗೆ ಬಂದು, ಮೇಷ್ಟರು ಅರಸೀಕೆರೆ ನಿಲ್ದಾಣದಲ್ಲಿ ಯಾರೋ ಹೆಂಗಸಿನ ಜೊತೆ ರೈಲು ಹತ್ತಿದ್ದನ್ನು ಕಂಡೆ ಎಂದ. ಅಲ್ಲಿಗೆ ಊರು ತೀರ್ಪು ಕೊಟ್ಟಿತು, ಹುಡುಕಾಟವೂ ನಿಂತಿತು. ಮಾವ ಸುಬ್ಬರಾಮಯ್ಯ ಮಾತ್ರ ಮುಂದೆ ತಿಂಗಳುಗಟ್ಟಲೆ ಆ ನಿಲ್ದಾಣಕ್ಕೆ ಹೋಗಿ, ಇಳಿಯುವವರ ಮುಖ ನೋಡಿಕೊಂಡು ಬರುತ್ತಿದ್ದರಂತೆ.

"ಹಾಗೆ ಹೇಳಿದವನು ಯಾರು?"

"ಹೆಸರು ಕೇಳಲಿಲ್ಲ. ಜಾವಗಲ್ ಕಡೆಯ ಕೊಬ್ಬರಿ ಮಂಡಿಯವರ ಮಗ ಅಂದ. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ನೀರು ಕೊಟ್ಟೆ, ಕುಡೀಲಿಲ್ಲ."

ವೇದವಲ್ಲಿಯ ಹಣೆಯಲ್ಲಿ ಕುಂಕುಮವಿತ್ತು. ಅದನ್ನು ಅವರು ಯಾವ ಲೆಕ್ಕದಲ್ಲಿ ಇಟ್ಟುಕೊಂಡಿದ್ದಾರೆ ಎಂದು ಕೇಳುವ ಅಗತ್ಯ ತನಿಖೆಗೆ ಇರಲಿಲ್ಲ.

ಸ್ಕೂಟರ್ ಕೊಂಡದ್ದು ಅರಸೀಕೆರೆಯ ಗುಜರಿ ಅಂಗಡಿಯಲ್ಲಿ ಎಂದು ಮೇಧಿನಿ ಹೇಳಿದ್ದಳು. ಮಧ್ಯಾಹ್ನ ಮೀನಾಕ್ಷಿ ಅಲ್ಲಿಗೆ ಹೋದಾಗ ಚಲುವಮ್ಮ ತಕ್ಕಡಿ ಬಿಟ್ಟು ಎದ್ದು ಬಂದಳು. ಮೇಧಿನಿ ಅವಳ ಹಳೇ ಗಿರಾಕಿ. ಸ್ಕೂಟರ್ ಕೊಟ್ಟದ್ದೂ ನಿಜ. ಅದು ಬಂದದ್ದು ಜಾವಗಲ್‌ನ ಕಮಲಾಕ್ಷಮ್ಮನವರ ಮಂಡಿಯಿಂದ. ಮಗ ಮಾಲೇಕಲ್ಲಿಗೆ ಹರಕೆ ತೀರಿಸಲು ಹೋಗಿದ್ದಾಗ ಆಯಮ್ಮ ಮಂಡಿ ಗುಡಿಸಿಸಿ, ಹರಕು ಚೀಲದ ರಾಶಿಯಡಿ ಇದ್ದುದನ್ನೆಲ್ಲ ಕೊಟ್ಟಿದ್ದಳು.

"ಆಮೇಲೆ ಯಾರಾದರೂ ಕೇಳಿಕೊಂಡು ಬಂದಿದ್ದರಾ?"

"ಮಗ್ನೇ ಬಂದಿದ್ದ ಕಣವ್ವ, ಶಿವಕುಮಾರ್ ಅಂತ. ನಮ್ಮಪ್ಪನ ಗಾಡಿ, ಎಲ್ಲೈತೆ ಅಂತ ಕೂಗಾಡ್ದ. ಕರಗ್ಸಕ್ಕೆ ಹೋಯ್ತು ಅಂತ ಸುಳ್ಳು ಹೇಳ್ದೆ. ಸಮಾಧಾನ ಆಯ್ತೇನೋ, ಹೊಂಟೋದ."

ಹಾಗಾದರೆ ಅವನು ನೆಮ್ಮದಿಯಿಂದಲೇ ಇದ್ದ, ಆ ಫೋಟೊ ಕಾಣುವವರೆಗೆ.

ಜಾವಗಲ್ ಠಾಣೆಗೆ ಫೋನಿನಲ್ಲಿ ವಿಷಯ ತಿಳಿಸಿ ಜೀಪು ಹೊರಟಿತು. ದಾರಿಯಲ್ಲಿ ಹಾಸನದಿಂದ ಮೇಧಿನಿಯ ಕರೆ ಬಂತು: ಶಸ್ತ್ರಚಿಕಿತ್ಸೆ ಮುಗಿದಿದೆ, ಆದಿತ್ಯ ಇನ್ನೂ ಕಣ್ಣು ಬಿಟ್ಟಿಲ್ಲ. ಮೀನಾಕ್ಷಿ ಚಾಲಕನಿಗೆ ಬೇಗ ಹೋಗಲು ಹೇಳಿದರು. ಆ ಸ್ಕೂಟರನ್ನು ಅವನು ಇಲ್ಲವಾಗಿಸಿದರೆ ಉಳಿಯುವುದು ಒಂದು ಮುಚ್ಚಳ, ಒಂದು ಹೆಸರು. ಅಷ್ಟರಿಂದ ನ್ಯಾಯಾಲಯದಲ್ಲಿ ಏನನ್ನೂ ಸಾಬೀತು ಮಾಡಲಾಗುವುದಿಲ್ಲ.

ಮಂಡಿಯ ಜಗಲಿಯಲ್ಲಿ ಕಮಲಾಕ್ಷಮ್ಮ ವಿಭೂತಿ ಧರಿಸಿ ಕೂತಿದ್ದರು. ಪೊಲೀಸರನ್ನು ಕಂಡು ಹೆದರಲಿಲ್ಲ. ಮಗ ಏನೋ ಮಾಡಿಕೊಂಡಿದ್ದಾನೆ ಎಂದು ಬೆಳಗಿನಿಂದ ಅವರಿಗೇ ಅನ್ನಿಸಿತ್ತು. ಗಂಡ ಬದುಕಿದ್ದಾಗ ಸೈಕಲ್ಲಿನಲ್ಲೇ ಓಡಾಡಿದವರು, ಅವರಿಗೆ ಸ್ಕೂಟರೇ ಇರಲಿಲ್ಲ ಎಂದರು. ಮಗ ಬೆಳಿಗ್ಗೆ ಬಂದವನೇ ಊಟ ಬೇಡವೆಂದು ಗ್ಯಾಸ್ ಕಟರ್ ತುಂಬಿಕೊಂಡು ತೋಟಕ್ಕೆ ಹೋಗಿದ್ದ.

"ಅವ್ನು ಅಂಥೋನಲ್ಲ ಕಣವ್ವ" ಎಂದರು. ಆಮೇಲೆ ಸ್ವಲ್ಪ ತಡೆದು, "ತ್ವಾಟದಲ್ಲಿ ಹಳೇ ಬಾವಿ ಐತೆ. ಬೇಗ ಹೋಗ್ರವ್ವ" ಎಂದರು.

ತೋಟದ ದಾರಿಯಲ್ಲಿ ಗೂಡ್ಸ್ ಗಾಡಿ ನಿಂತಿತ್ತು. ಅದರ ಹಿಂದೆ ಸ್ಕೂಟರಿನ ಚಾಸಿ ಮಗುಚಿ ಬಿದ್ದಿತ್ತು. ಕಟರ್ ಹಚ್ಚಿದ ಗುರುತು ಒಂದೆರಡು ಕಡೆ ಇತ್ತು, ಕೆಲಸ ಮುಂದುವರಿದಿರಲಿಲ್ಲ. ಚಾಸಿ ನಂಬರು ಹಾಗೇ ಉಳಿದಿತ್ತು. ನಲವತ್ತು ದಾಟಿದ, ಬಿಳಿ ಪಂಚೆಯ ಶಿವಕುಮಾರ್ ಕಟ್ಟೆಯಿಲ್ಲದ ಬಾವಿಯ ಅಂಚಿನಲ್ಲಿ ನಿಂತಿದ್ದ. ಬುಟ್ಟಿಗಟ್ಟಲೆ ಮಣ್ಣು ಜರಿದಿದ್ದ ಅಂಚು ಅದು. ಜಯದೇವಪ್ಪ ಒಂದು ಹೆಜ್ಜೆ ಇಟ್ಟರು. ಅವನ ಕಾಲಡಿಯಿಂದ ಹೆಂಟೆಯೊಂದು ಕಳಚಿ, ಬಹಳ ಹೊತ್ತಿನ ಮೇಲೆ ನೀರಿಗೆ ಬಿದ್ದ ಸದ್ದಾಯಿತು. ಮೀನಾಕ್ಷಿ ಕೈಯೆತ್ತಿ ಜಯದೇವಪ್ಪನವರನ್ನು ತಡೆದರು.

"ಹತ್ರ ಬರಬೇಡಿ" ಎಂದ ಶಿವಕುಮಾರ್. "ಆ ಹುಡುಗ ಹೋದ್ನಾ?"

"ಬದುಕಿದ್ದಾನೆ. ಇನ್ನೂ ಕಣ್ಣು ಬಿಟ್ಟಿಲ್ಲ." ಸುಳ್ಳು ಹೇಳಬಾರದು ಎಂದು ಮೀನಾಕ್ಷಿಗೆ ಅನ್ನಿಸಿತು. "ನೋಡಿ, ಮೇಷ್ಟರು ಎಲ್ಲಿದ್ದಾರೆ ಅನ್ನೋದು ಈ ಲೋಕದಲ್ಲಿ ನಿಮಗೊಬ್ಬರಿಗೇ ಗೊತ್ತು. ನೀವು ಬಿದ್ದರೆ ನಿಮಗೆ ಬಿಡುಗಡೆ. ಆ ಹೆಂಗಸು ಮಾತ್ರ ಸಾಯೋವರೆಗೂ ರೈಲಿನ ಕಡೆ ನೋಡ್ತಾನೇ ಇರಬೇಕು."

ಗಾಳಿಗೆ ತೆಂಗಿನ ಗರಿಗಳು ಒಂದಕ್ಕೊಂದು ತಾಗುತ್ತಿದ್ದವು. ಶಿವಕುಮಾರ್ ನಿಧಾನವಾಗಿ ಅಂಚಿನಿಂದ ಹಿಂದಕ್ಕೆ ಸರಿದು, ಮಣ್ಣಿನಲ್ಲಿ ಕುಳಿತುಬಿಟ್ಟ. ಬದುವಿನ ಕೊನೆಯ ಹೊಂಗೆ ಮರದ ಕಡೆಗೆ ಕೈ ತೋರಿಸಿದ.

ಅವನನ್ನು ಬಂಧಿಸಿ ಹೇಳಿಕೆ ಪಡೆಯಲಾಯಿತು. ಮರುದಿನ ತಹಶೀಲ್ದಾರ್ ಸಮ್ಮುಖದಲ್ಲಿ ಹೊಂಗೆಯ ಬುಡ ಅಗೆಸಿದರು. ಮೂಳೆಗಳು, ಕನ್ನಡಕದ ಚೌಕಟ್ಟು ಸಿಕ್ಕವು. ಡಿಎನ್‌ಎ ಪರೀಕ್ಷೆಗೆ ಕಳಿಸಿದರು. ಅದೇ ಸಂಜೆ ಆದಿತ್ಯ ಕಣ್ಣು ಬಿಟ್ಟು ಹೆಂಡತಿಯನ್ನು ಗುರುತು ಹಿಡಿದ ಸುದ್ದಿ ಬಂತು.

ಶಿವಕುಮಾರನಿಗೆ ಶ್ರೀರಾಮ್ ಅವರ ಮೇಲೆ ಹಗೆಯಿರಲಿಲ್ಲ, ಪರಿಚಯವೂ ಇರಲಿಲ್ಲ. ಅಂದು ಮುಸ್ಸಂಜೆ ದೀಪವಿಲ್ಲದ ಟ್ರ್ಯಾಕ್ಟರಿನಲ್ಲಿ ಅಕ್ಕನ ಮದುವೆಗೆ ಚಪ್ಪರದ ಗಳ ತರುತ್ತಿದ್ದ. ತಿರುವಿನಲ್ಲಿ ಸ್ಕೂಟರಿಗೆ ಗುದ್ದಿದ. ಮೇಷ್ಟರಿಗೆ ಇನ್ನೂ ಜೀವವಿತ್ತು. ಆಸ್ಪತ್ರೆಗೆ ಒಯ್ಯಪ್ಪಾ ಎಂದು ಕೇಳಿದ್ದರು. ಒಯ್ದರೆ ಬೆಳಿಗ್ಗೆ ಪೊಲೀಸರು ಬರುತ್ತಾರೆ, ಅಕ್ಕನ ಮದುವೆ ನಿಲ್ಲುತ್ತದೆ ಎಂದುಕೊಂಡು ಅವನು ಪಕ್ಕದಲ್ಲೇ ಕೂತ. ಏನು ಮಾಡಲಿ ಎಂದು ಯೋಚಿಸುತ್ತಿರುವಾಗಲೇ ಅವರ ಉಸಿರು ನಿಂತಿತು. ಉಳಿದದ್ದೆಲ್ಲ, ಮಣ್ಣು ಮಾಡಿದ್ದು, ಹಸಿರು ಬಣ್ಣ ಬಳಿದದ್ದು, ರೈಲಿನ ಕಥೆ ಕಟ್ಟಿದ್ದು, ಆ ಯೋಚನೆಯ ಬಾಲವೇ. ಸ್ಕೂಟರನ್ನು ಒಡೆಯಲು ಯಾಕೆ ಇಷ್ಟು ವರ್ಷ ಬೇಕಾಯಿತು ಎಂದು ಮೀನಾಕ್ಷಿ ಕೇಳಿದಾಗ, ಕೈ ಬರಲಿಲ್ಲ ಎಂದಷ್ಟೇ ಹೇಳಿದ್ದ.

ಇದನ್ನು ವೇದವಲ್ಲಿಗೆ ತಿಳಿಸಲು ಮೀನಾಕ್ಷಿ ತಾವೇ ಮನೆಗೆ ಹೋದರು. ಚಿತ್ರಾ ತಾಯಿಯ ಕೈ ಹಿಡಿದುಕೊಂಡು ಕೂತಳು. ಮೀನಾಕ್ಷಿ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು. ವೇದವಲ್ಲಿ ಅಳಲಿಲ್ಲ. ಒಂದೇ ಒಂದು ಮಾತು ಕೇಳಿದರು.

"ಅವರ ಗಾಡಿ ಯಾವ ಕಡೆಗೆ ಹೋಗ್ತಿತ್ತಂತೆ?"

"ಹಳೇಬೀಡಿನ ಕಡೆಗೆ" ಎಂದರು ಮೀನಾಕ್ಷಿ. "ಮನೆಗೇ ಬರ್ತಿದ್ರು."